ಸೌಂಡ್‌ಬಾರ್ ಕೊಳ್ಳುವ ಮೊದಲು ನಿಮ್ಮ ಗೋಡೆ ನೋಡಿ

ಸೌಂಡ್‌ಬಾರ್ ಅಂದರೆ ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್ ಪಟ್ಟಿ. ಅಂಗಡಿಯಲ್ಲಿ ಅದರ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ: 11.1.4. ಪಕ್ಕದ್ದರ ಮೇಲೆ 7.1.4. ಅದರಾಚೆಯದು 5.1.2. ಬೆಲೆ ಐವತ್ತು ಸಾವಿರದಿಂದ ಶುರುವಾಗಿ ಲಕ್ಷ ದಾಟುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಸದ್ದು ಚೆನ್ನಾಗಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಸಂಖ್ಯೆಯ ಒಂದು ಭಾಗವನ್ನು ಮಾತ್ರ ಕಂಪನಿ ಪೆಟ್ಟಿಗೆಯಲ್ಲಿಟ್ಟು ಕೊಡುತ್ತದೆ. ಉಳಿದದ್ದನ್ನು ನಿಮ್ಮ ಮನೆಯ ಗೋಡೆ ಮತ್ತು ಸೂರು ಕೊಡಬೇಕು. ದುಬಾರಿ ಸೌಂಡ್‌ಬಾರನ್ನು ಅಳೆದು ನೋಡುವಾಗ ಮೊದಲು ತಿಳಿಯಬೇಕಾದ್ದು ಇದು. ಇದೊಂದು ಗೊತ್ತಾದರೆ ಬೇರೆ ಲೆಕ್ಕಗಳೆಲ್ಲ ತಾವಾಗಿಯೇ ಸರಿಯಾಗುತ್ತವೆ.

ಸಂಖ್ಯೆಯ ಒಳಗೇನಿದೆ

ಮೂರು ಅಂಕಿಗಳಲ್ಲಿ ಮೊದಲನೆಯದು ಕಿವಿಯ ಮಟ್ಟದಲ್ಲಿ ಸುತ್ತಲಿಂದ ಬರಬೇಕಾದ ಸದ್ದಿನ ಚಾನೆಲ್‌ಗಳು, ಅಂದರೆ ಒಂದೊಂದು ದಿಕ್ಕಿಗೂ ಇರುವ ಬೇರೆ ಬೇರೆ ಸದ್ದಿನ ಹಾದಿಗಳು. ಎಡ, ನಡು, ಬಲ, ಪಕ್ಕ, ಹಿಂದೆ ಹೀಗೆ. ನಡುವಿನ ಅಂಕಿ ಸಬ್‌ವೂಫರ್, ಅಂದರೆ ಗುಡುಗಿನಂಥ ದಪ್ಪ ಸದ್ದು ನುಡಿಸುವ ಸ್ಪೀಕರ್. ಕೊನೆಯದು ತಲೆಯ ಮೇಲಿಂದ ಬರಬೇಕಾದ ಸದ್ದು. ಈ ಕೊನೆಯ ಅಂಕಿ ಹುಟ್ಟಿದ್ದು ಡಾಲ್ಬಿ ಅಟ್ಮಾಸ್ ಅನ್ನುವ ಸದ್ದಿನ ವ್ಯವಸ್ಥೆಯಿಂದ.

2012ರಲ್ಲಿ ಅಟ್ಮಾಸ್ ಥಿಯೇಟರ್‌ಗಳಿಗೆ ಬಂತು. ಅಲ್ಲಿಯವರೆಗೆ ಸದ್ದನ್ನು ಚಾನೆಲ್‌ಗಳಿಗೆ ಹಂಚುತ್ತಿದ್ದರು. ಇದು ಎಡಕ್ಕೆ, ಅದು ಹಿಂದಕ್ಕೆ. ಅಟ್ಮಾಸ್‌ನಲ್ಲಿ ಹಾಗಲ್ಲ. ಹೆಲಿಕಾಪ್ಟರ್ ಹಾರುತ್ತಿದ್ದರೆ ಅದರ ಸದ್ದಿನ ಜೊತೆಗೆ, ಈ ಕ್ಷಣ ಅದು ಕೋಣೆಯಲ್ಲಿ ಎಲ್ಲಿದೆ ಅನ್ನುವ ವಿವರವೂ ಹೋಗುತ್ತದೆ. ಹೀಗೆ 128 ಟ್ರ್ಯಾಕ್‌ಗಳವರೆಗೆ ಇಡಬಹುದು. ಥಿಯೇಟರ್‌ನ ಯಂತ್ರ ಅದನ್ನು ಓದಿಕೊಂಡು, 64 ಸ್ಪೀಕರ್ ಹಾದಿಗಳವರೆಗೆ ಯಾವುದಕ್ಕೆ ಎಷ್ಟು ಕಳಿಸಬೇಕು ಅಂತ ತೀರ್ಮಾನಿಸುತ್ತದೆ. ಮನೆಯಲ್ಲಿ ಆ ಕೆಲಸ ಸೌಂಡ್‌ಬಾರ್‌ನದು. ಆದರೆ ಅದರ ಹತ್ತಿರ ಸೂರಿಗೆ ಹಾಕಿದ ಸ್ಪೀಕರ್ ಇಲ್ಲ. ಬಾರ್ ಮಾತ್ರ ಇದ್ದರೆ ಹಿಂದೆಯೂ ಏನೂ ಇಲ್ಲ. ಇರುವುದು ಟಿವಿಯ ಕೆಳಗಿನ ಒಂದು ಮೀಟರ್ ಉದ್ದದ ಪಟ್ಟಿ ಅಷ್ಟೇ.

ಅದಕ್ಕೇ ಬಾರ್ ಸದ್ದನ್ನು ಗೋಡೆಗೂ ಸೂರಿಗೂ ಎಸೆಯುತ್ತದೆ. ಅದು ಬಡಿದು ನಮ್ಮ ಕಡೆ ತಿರುಗಿದಾಗ, ಸದ್ದು ಆ ಗೋಡೆಯಿಂದಲೇ ಹುಟ್ಟಿತು ಅಂತ ಕಿವಿ ನಂಬುತ್ತದೆ. ಹಲವು ಚಿಕ್ಕ ಸ್ಪೀಕರ್‌ಗಳಿಗೆ ಒಂದೇ ಸದ್ದನ್ನು ಸ್ವಲ್ಪ ಸ್ವಲ್ಪ ತಡಮಾಡಿ ಕೊಟ್ಟರೆ ಸದ್ದು ಒಂದು ದಿಕ್ಕಿಗೆ ಗುರಿಯಿಟ್ಟಂತೆ ಹೊರಡುತ್ತದೆ. ಟಾರ್ಚ್ ಬೆಳಕನ್ನು ಕನ್ನಡಿಗೆ ಬಿಟ್ಟ ಹಾಗೆ.

ದುಬಾರಿ ಬಾರ್‌ಗಳು ಈ ಸಮಸ್ಯೆಗೆ ಬೇರೆ ಬೇರೆ ದಾರಿ ಹಿಡಿದಿವೆ. ಸೆನ್‌ಹೈಸರ್‌ನ ಆಂಬಿಯೋ ಮ್ಯಾಕ್ಸ್ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬುತ್ತದೆ. ಅದರಲ್ಲಿ 13 ಸ್ಪೀಕರ್‌ಗಳಿವೆ, ತೂಕ 18.5 ಕಿಲೋ. ಬೇರೆ ಸಬ್‌ವೂಫರ್ ಇಲ್ಲದೆಯೇ 30 ಹರ್ಟ್ಸ್‌ವರೆಗೆ, ಅಂದರೆ ಸೆಕೆಂಡಿಗೆ 30 ಕಂಪನದಷ್ಟು ದಪ್ಪ ಸದ್ದಿನವರೆಗೆ ಇಳಿಯುತ್ತದೆ ಅಂತ ಕಂಪನಿ ಹೇಳುತ್ತದೆ. ಸ್ಯಾಮ್‌ಸಂಗ್‌ನ ಕ್ಯೂ990 ಸಾಲಿನ ಮಾದರಿಗಳು ನಾಲ್ಕು ತುಂಡಾಗಿ ಬರುತ್ತವೆ: ಬಾರ್, ಸಬ್‌ವೂಫರ್, ಹಿಂದೆ ಇಡಲು ಎರಡು ಸ್ಪೀಕರ್. 11.1.4 ಅಂದರೆ ಅದೇ. ಜೆಬಿಎಲ್ ಬಾರ್ 1000ದಲ್ಲಿ ಬಾರ್‌ನ ಎರಡು ತುದಿಗಳು ಕಳಚಿಕೊಳ್ಳುತ್ತವೆ. ಒಳಗೆ ಬ್ಯಾಟರಿ ಇದೆ. ಸಿನಿಮಾ ನೋಡುವಾಗ ಸೋಫಾದ ಹಿಂದೆ ಇಡಬಹುದು, ಮುಗಿದ ಮೇಲೆ ಮತ್ತೆ ಸಿಕ್ಕಿಸಿದರೆ ಚಾರ್ಜ್ ಆಗುತ್ತವೆ.

ಈಗ ಮತ್ತೊಮ್ಮೆ ಆ 11.1.4 ನೋಡಿ. ಹಿಂದಿನ ಸದ್ದಿಗೆ ಅಲ್ಲಿ ನಿಜವಾದ ಸ್ಪೀಕರ್ ಇದೆ. ಆದರೆ ಕೊನೆಯ ನಾಲ್ಕೂ ಸೂರಿಗೆ ಬಡಿದೇ ಬರಬೇಕು. ಎರಡು ಬಾರ್ ಮೇಲಿಂದ, ಎರಡು ಹಿಂದಿನ ಸ್ಪೀಕರ್‌ಗಳ ಮೇಲಿಂದ. ನನ್ನ ಮಟ್ಟಿಗೆ, ಹಿಂದೆ ನಿಜವಾದ ಸ್ಪೀಕರ್ ಇರುವ 5.1.2, ಹಿಂದೆ ಏನೂ ಇಲ್ಲದ 9.1.4ಗಿಂತ ಹೆಚ್ಚು ನಂಬಿಕೆಗೆ ಅರ್ಹ. ಗೋಡೆಗೆ ಬಡಿದು ಹಿಂದಿನಿಂದ ಬಂದಂತೆ ಕೇಳಿಸುವ ಸದ್ದು ಒಂದು ಮನೆಯಲ್ಲಿ ಬರುತ್ತದೆ, ಇನ್ನೊಂದರಲ್ಲಿ ಬರುವುದೇ ಇಲ್ಲ. ಬೆನ್ನ ಹಿಂದಿರುವ ಸ್ಪೀಕರ್ ಎಲ್ಲಿಟ್ಟರೂ ಹಿಂದಿನಿಂದಲೇ ಕೇಳಿಸುತ್ತದೆ.

ಸೂರಿಗೆ ಬಡಿದು ಬರುವ ಸದ್ದು

ಎಡ ಬಲ ಗುರುತಿಸುವುದು ಕಿವಿಗೆ ಸುಲಭ. ಒಂದು ಕಿವಿಗೆ ಸದ್ದು ಮೊದಲು ತಲುಪುತ್ತದೆ, ಇನ್ನೊಂದಕ್ಕೆ ಆಮೇಲೆ. ಆ ವ್ಯತ್ಯಾಸ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆಯಾದರೂ ಮಿದುಳು ಹಿಡಿಯುತ್ತದೆ. ಮೇಲೆ ಕೆಳಗೆ ಅನ್ನುವುದು ಹಾಗಲ್ಲ. ಹೊರಗಿವಿಯ ಮಡಿಕೆಗಳಿಗೆ ತಾಗಿ ಸದ್ದಿನಲ್ಲಿ ಆಗುವ ಸಣ್ಣ ಬದಲಾವಣೆಗಳಿಂದ ಅದು ತಿಳಿಯುತ್ತದೆ. ಈ ಬದಲಾವಣೆಗಳು ಕಾಣುವುದು ಹೆಚ್ಚು ಕಂಪನದ, ಚುರುಕಾದ ಸದ್ದುಗಳಲ್ಲಿ. ಮಳೆ, ಎಲೆಯ ಸರಸರ, ಹಕ್ಕಿಯ ಕೂಗು, ಗಾಜು ಒಡೆಯುವುದು. ಹಾಗಾಗಿ ತಲೆಯ ಮೇಲಿಂದ ಬರುವ ಸದ್ದು ಪರೀಕ್ಷಿಸಬೇಕು ಅಂದರೆ ಬಾಂಬ್ ಸಿಡಿಯುವ ದೃಶ್ಯ ಹಾಕಿ ಪ್ರಯೋಜನವಿಲ್ಲ. ಮಳೆ ಸುರಿಯುವ ದೃಶ್ಯ ಹಾಕಿ.

ಇಂಥ ಚುರುಕು ಸದ್ದು ಹಾಗೇ ತಿರುಗಿ ಬರಬೇಕಾದರೆ ಸೂರು ಸಪಾಟಾಗಿ, ಗಟ್ಟಿಯಾಗಿ ಇರಬೇಕು. ಏಳೂವರೆಯಿಂದ ಹನ್ನೆರಡು ಅಡಿ ಎತ್ತರ ಒಳ್ಳೆಯದು, ಹದಿನಾಲ್ಕು ದಾಟಬಾರದು ಅಂತ ಡಾಲ್ಬಿಯವರೇ ಹೇಳುತ್ತಾರೆ. ನಮ್ಮ ಊರುಗಳ ಹೆಚ್ಚಿನ ಆರ್‌ಸಿಸಿ ಮನೆಗಳು, ಅಪಾರ್ಟ್‌ಮೆಂಟ್‌ಗಳು ಈ ಅಳತೆಯೊಳಗೇ ಬರುತ್ತವೆ. ಸುಮ್ನೆ ಸುಣ್ಣ ಹೊಡೆದ ಬೋಳು ಕಾಂಕ್ರೀಟ್ ಸೂರು ಈ ಕೆಲಸಕ್ಕೆ ತುಂಬಾ ಒಳ್ಳೆಯದು. ಜಿಪ್ಸಮ್ ಫಾಲ್ಸ್ ಸೀಲಿಂಗ್ ಕೂಡ ಸದ್ದನ್ನು ತಿರುಗಿಸುತ್ತದೆ. ತೊಂದರೆ ಬರುವುದು ದೀಪ ಅಡಗಿಸಲು ಮಾಡಿದ ಮೆಟ್ಟಿಲುಗಳಿಂದ, ಅಲಂಕಾರದ ಮರದ ಪಟ್ಟಿಗಳಿಂದ.

ಕರಾವಳಿ, ಮಲೆನಾಡಿನ ಹೆಂಚಿನ ಮನೆಯ ಕಥೆ ಬೇರೆ. ಮಂಗಳೂರು ಹೆಂಚಿನ ಇಳಿಜಾರು ಮಾಡು ಸದ್ದನ್ನು ನಿಮ್ಮ ಕಡೆ ಕಳಿಸುವುದಿಲ್ಲ, ಅದರ ಓರೆ ಎತ್ತ ಇದೆಯೋ ಅತ್ತ ಕಳಿಸುತ್ತದೆ. ಒಂದಿಷ್ಟು ಸಂದುಗಳಲ್ಲಿ ಹೊರಗೂ ಹೋಗುತ್ತದೆ. ಜಂತಿಗಳ ಮೇಲೆ ಹಲಗೆ ಹಾಸಿದ ಹಳೆಯ ಮನೆಗಳಲ್ಲಿ ಜಂತಿಗಳೇ ಸದ್ದನ್ನು ಚದುರಿಸುತ್ತವೆ. ಅಂಥ ಮನೆಗೆ ಮೇಲ್ಮುಖ ಸ್ಪೀಕರ್‌ಗಾಗಿ ಹೆಚ್ಚು ದುಡ್ಡು ಕೊಡಬೇಡಿ. ಆ ಹಣಕ್ಕೆ ಒಳ್ಳೆಯ ಮುಂದಿನ ಸದ್ದು, ಒಳ್ಳೆಯ ಸಬ್‌ವೂಫರ್ ಸಿಗುತ್ತದೆ.

ಪರೀಕ್ಷೆ ಸುಲಭ. ಸೂರಿಗೆ ಸದ್ದು ಬಡಿಯುವ ಜಾಗ ಬಾರ್‌ಗೂ ಸೋಫಾಕ್ಕೂ ಸುಮಾರು ನಟ್ಟನಡುವೆ ಇರುತ್ತದೆ. ಅಲ್ಲಿ ನಿಂತು ತಲೆಯೆತ್ತಿ ನೋಡಿ. ತೊಲೆ ಇದೆಯಾ? ತೂಗುದೀಪ ಇದೆಯಾ? ಪಕ್ಕದ ಗೋಡೆಗೆ ಕನ್ನಡಿ ಬಳಸಿ. ನೀವು ಸೋಫಾದಲ್ಲಿ ಕೂತಿರಿ, ಮನೆಯವರೊಬ್ಬರು ಗೋಡೆಯುದ್ದಕ್ಕೂ ಕನ್ನಡಿ ಸರಿಸುತ್ತಾ ಹೋಗಲಿ. ಎಲ್ಲಿ ನಿಮಗೆ ಬಾರ್ ಕಾಣುತ್ತದೋ ಸದ್ದು ಬಡಿಯುವುದೂ ಅಲ್ಲೇ. ಅಲ್ಲಿ ದಪ್ಪ ಪರದೆ ಇದ್ದರೆ ಸದ್ದು ಅದರಲ್ಲೇ ಇಂಗಿ ಹೋಗುತ್ತದೆ. ಗೋಡೆಯೇ ಇಲ್ಲದೆ ಡೈನಿಂಗ್ ಕಡೆಗೆ ತೆರೆದಿದ್ದರೆ, ಬಹಳ ಫ್ಲ್ಯಾಟ್‌ಗಳಲ್ಲಿ ಹೀಗೇ ಅಲ್ವಾ, ಆ ಬದಿಯ ಸದ್ದು ಅಡುಗೆಮನೆಯವರಿಗೆ ಕೇಳಿಸುತ್ತದೆ, ನಿಮಗಲ್ಲ.

ದುಬಾರಿ ಬಾರ್‌ಗಳಲ್ಲಿ ಮೈಕ್ ಇಟ್ಟು ಕೋಣೆಯನ್ನು ಅಳೆದುಕೊಳ್ಳುವ ವ್ಯವಸ್ಥೆ ಇರುತ್ತದೆ. ಸೋನೋಸ್‌ನಲ್ಲಿ ಅದರ ಹೆಸರು ಟ್ರೂಪ್ಲೇ, ಬೋಸ್‌ನಲ್ಲಿ ಅಡಾಪ್ಟ್‌ಐಕ್ಯೂ. ಇದನ್ನು ತಪ್ಪದೆ ಮಾಡಿ, ಸೋಫಾ ಸರಿಸಿದರೆ ಮತ್ತೊಮ್ಮೆ ಮಾಡಿ. ಒಂದು ಬದಿಯ ಗೋಡೆ ಹತ್ತಿರ, ಇನ್ನೊಂದು ದೂರ ಇದ್ದರೆ ಅದು ಸರಿದೂಗಿಸುತ್ತದೆ. ಇಲ್ಲದ ಗೋಡೆಯನ್ನು ಮಾತ್ರ ಅದು ಕಟ್ಟಿಕೊಡಲಾರದು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಬಾರನ್ನು ಟಿವಿ ಯೂನಿಟ್‌ನ ಗೂಡಿನೊಳಗೆ ತುರುಕಬೇಡಿ. ಬಡಗಿ ಮಾಡಿಕೊಟ್ಟ ಆ ಗೂಡು ಸೆಟ್‌ಟಾಪ್ ಬಾಕ್ಸ್‌ಗೆ ಸರಿ. ಬಾರ್ ಅಲ್ಲಿ ಹೋದರೆ ಮೇಲ್ಮುಖ ಸ್ಪೀಕರ್ ಹಲಗೆಗೆ ಬಡಿಯುತ್ತದೆ, ಪಕ್ಕದ್ದು ಪಕ್ಕದ ಹಲಗೆಗೆ. ಲಕ್ಷ ಕೊಟ್ಟದ್ದರಲ್ಲಿ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ. ಯೂನಿಟ್‌ನ ಮೇಲೆ, ಮುಂದಿನ ಅಂಚಿಗೆ ಇಡಿ, ಇಲ್ಲವೇ ಟಿವಿಯ ಕೆಳಗೆ ಗೋಡೆಗೆ ಹಾಕಿಸಿ. ಕೊಳ್ಳುವ ಮೊದಲು ಟಿವಿಯ ಕೆಳಗಿನ ಅಂಚು ಎಷ್ಟು ಎತ್ತರದಲ್ಲಿದೆ ಅಂತ ಟೇಪ್ ಹಿಡಿದು ನೋಡಿಕೊಳ್ಳಿ. ಬಾರ್ ಎತ್ತರವಾಗಿದ್ದರೆ ಚಿತ್ರದ ಕೆಳಭಾಗ ಮುಚ್ಚುತ್ತದೆ, ಟಿವಿಯ ಸೆನ್ಸರ್ ಮರೆಯಾಗಿ ರಿಮೋಟ್ ಕೆಲಸ ಮಾಡದೆ ಹೋಗಬಹುದು.

ಮೊದಲು ಮಾತು ಕೇಳಿ

ಅಂಗಡಿಯಲ್ಲಿ ಹಾಕಿ ತೋರಿಸುವುದು ಸ್ಫೋಟ, ಕಾರ್ ರೇಸ್, ಡ್ರಮ್. ಮನೆಯಲ್ಲಿ ನಾವು ಹೆಚ್ಚು ಕೇಳುವುದು ಮನುಷ್ಯರ ಮಾತು. ಸಪೂರ ಟಿವಿಗಳ ಬೆನ್ನಿಗೆ ಅಂಟಿಸಿದ ಪುಟ್ಟ ಸ್ಪೀಕರ್‌ಗಳಲ್ಲಿ ಮಾತು ತಿಳಿಯುವುದಿಲ್ಲ ಅನ್ನುವುದಕ್ಕೇ ಎಷ್ಟೋ ಜನ ಬಾರ್ ಕೊಳ್ಳಲು ಹೊರಡುವುದು. ಹಾಗಾಗಿ ಬಾರ್‌ನ ಯೋಗ್ಯತೆ ಅಳೆಯುವಾಗ ನಾನು ಮಾತಿಗೇ ಮೊದಲ ಜಾಗ ಕೊಡುತ್ತೇನೆ.

ಸಿನಿಮಾದಲ್ಲಿ ಮಾತಿನ ಹೆಚ್ಚಿನ ಪಾಲು ನಡುವಿನ ಚಾನೆಲ್‌ನಲ್ಲಿರುತ್ತದೆ. ಅದಕ್ಕೆ ಬಾರ್‌ನಲ್ಲಿ ಪ್ರತ್ಯೇಕ ಸ್ಪೀಕರ್ ಇರಬೇಕು. ಸ್ವರಗಳು ಕೆಳಗಿನ ಕಂಪನಗಳಲ್ಲಿ ದಪ್ಪಗೆ ಕೂರುತ್ತವೆ. ಆದರೆ ಪದ ಯಾವುದು ಅಂತ ಬಿಡಿಸಿ ಹೇಳುವುದು ವ್ಯಂಜನ. ಸ, ಶ, ಚ, ತ ಇವುಗಳ ಗುರುತು ಇರುವುದು 2000 ಹರ್ಟ್ಸ್‌ನಿಂದ ಮೇಲೆ. ಬೇಸ್, ಅಂದರೆ ದಪ್ಪ ಸದ್ದು, ಮಿತಿಮೀರಿ ಉಬ್ಬಿಸಿದ ಬಾರ್‌ನಲ್ಲಿ ಇದೇ ಮೊದಲು ಮಸುಕಾಗುತ್ತದೆ. ವಾಲ್ಯೂಮ್ ಜಾಸ್ತಿ ಮಾಡಿದರೂ ಮಾತು ತಿಳಿಯುವುದಿಲ್ಲ, ಗದ್ದಲ ಮಾತ್ರ ಜಾಸ್ತಿಯಾಗುತ್ತದೆ.

ಪರೀಕ್ಷೆಗೆ ನಿಮಗೆ ಬಾಯಿಪಾಠವಾಗಿರುವ ಸಿನಿಮಾ ಬೇಡ. ಗೊತ್ತಿರುವ ಮಾತನ್ನು ಮಿದುಳೇ ತುಂಬಿಕೊಂಡುಬಿಡುತ್ತದೆ. ನೋಡದ ಕನ್ನಡ ಸಿನಿಮಾ ಹಾಕಿ. ಮಂಗಳೂರು ಕಡೆಯ ಅಥವಾ ಧಾರವಾಡ ಕಡೆಯ ಮಾತಿರುವುದು, ಅಂದರೆ ನಿಮ್ಮ ಊರಿನದಲ್ಲದ ಕನ್ನಡ ಇರುವುದು ಆದರೆ ಇನ್ನೂ ಒಳ್ಳೆಯದು. ಹಿನ್ನೆಲೆ ಸಂಗೀತ ಜೋರಾಗಿರುವಾಗ ಇಬ್ಬರು ಮೆಲ್ಲಗೆ ಮಾತಾಡುವ ದೃಶ್ಯ ಹುಡುಕಿ. ಫ್ಯಾನ್ ಹಾಕಿಕೊಂಡೇ ಕೇಳಿ, ಮನೆಯಲ್ಲಿ ಬೇಸಿಗೆಯಲ್ಲಿ ನೋಡುವುದು ಹಾಗೇ ತಾನೆ. ವಾಲ್ಯೂಮ್ ಕಡಿಮೆ ಇಟ್ಟು ಕೇಳಿ. ರಾತ್ರಿ ಮಕ್ಕಳು ಮಲಗಿದ ಮೇಲೆ ಇಡುವಷ್ಟು. ಒಳ್ಳೆಯ ಬಾರ್ ಸಣ್ಣ ಸದ್ದಿನಲ್ಲೂ ಪದ ಬಿಡಿಸಿ ಕೊಡುತ್ತದೆ. ನೈಟ್ ಮೋಡ್ ಇದ್ದರೆ ಹಾಕಿ ನೋಡಿ. ಅದು ಜೋರಾದದ್ದನ್ನು ತಗ್ಗಿಸಿ, ಮೆಲ್ಲಗಿರುವುದನ್ನು ಎತ್ತುತ್ತದೆ. ಮಾತು ಸಹಜವಾಗಿಯೇ ಉಳಿಯಿತಾ, ಡಬ್ಬದೊಳಗಿಂದ ಬಂದಂತೆ ಆಯಿತಾ ಅನ್ನುವುದರಲ್ಲಿ ಬಾರ್‌ಗಳ ನಡುವಿನ ಅಂತರ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ಪರೀಕ್ಷೆ ಕಡಿಮೆ ಜನಕ್ಕೆ ಗೊತ್ತು. ಗಂಡಸಿನ ದನಿಯ ತಳ ಸುಮಾರು 85ರಿಂದ 180 ಹರ್ಟ್ಸ್‌ನಲ್ಲಿರುತ್ತದೆ. ಬಾರ್ ಒಳಗಿನ ಸ್ಪೀಕರ್‌ಗಳು ತೀರಾ ಚಿಕ್ಕವಾದರೆ ಈ ಭಾಗವನ್ನು ಅವು ನುಡಿಸಲಾರವು, ಸಬ್‌ವೂಫರ್‌ಗೆ ದಾಟಿಸುತ್ತವೆ. ಆಗ ನಟನ ಮುಖ ಪರದೆಯ ಮೇಲೆ, ಅವನ ದನಿಯ ಅರ್ಧ ಮೂಲೆಯ ಡಬ್ಬದಲ್ಲಿ. ಕನ್ನಡ ವಾರ್ತೆ ಓದುವ ಗಂಡಸಿನ ದನಿ ಹಾಕಿ, ಸಬ್‌ವೂಫರ್‌ಗೆ ಕಿವಿಕೊಡಿ. ಮಾತು ಗುರುತಿಸುವಷ್ಟು ಕೇಳಿಸಿದರೆ ಬಾರ್ ತನ್ನ ಕೆಲಸ ತಾನು ಮಾಡುತ್ತಿಲ್ಲ ಅಂತ ಅರ್ಥ. ದುಬಾರಿ ಬಾರ್‌ನಲ್ಲಿ ಇದು ಆಗಕೂಡದು.

ಗುಡುಗು ಮತ್ತು ಕೋಣೆಯ ಅಳತೆ

ಸಿನಿಮಾದ ಬೇಸ್ ಚಾನೆಲ್ 120 ಹರ್ಟ್ಸ್‌ವರೆಗೆ ಇರುತ್ತದೆ. ನಾವು ಎದೆಯಲ್ಲಿ ಕೇಳುವ ಗುಡುಗು ಅದರ ಕೆಳಗಿನ ಅರ್ಧದಲ್ಲಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಾಗಾಗಿ 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಎಂಟೂವರೆ ಮೀಟರ್, ನಮ್ಮ ಹಾಲ್‌ಗಿಂತ ಉದ್ದ. ಇಷ್ಟು ದೊಡ್ಡ ಅಲೆಯನ್ನು ಗುರಿಯಿಟ್ಟು ಎಸೆಯಲು ಯಾವ ಬಾರ್‌ಗೂ ಸಾಧ್ಯವಿಲ್ಲ. ಅದು ಕೋಣೆಯನ್ನೇ ತುಂಬುತ್ತದೆ, ಎದುರು ಬದುರು ಗೋಡೆಗಳ ನಡುವೆ ಕೆಲವು ಜಾಗಗಳಲ್ಲಿ ಉಬ್ಬಿ, ಕೆಲವು ಕಡೆ ಸತ್ತುಹೋಗುತ್ತದೆ.

ಹನ್ನೆರಡು ಅಡಿ ಅಂತರದ ಎರಡು ಗೋಡೆಗಳಿದ್ದರೆ ಮೊದಲ ಉಬ್ಬು ಸುಮಾರು 47 ಹರ್ಟ್ಸ್‌ನಲ್ಲಿ ಬರುತ್ತದೆ. ಹತ್ತು ಅಡಿಯಾದರೆ 56ರಲ್ಲಿ. ಒಂದೇ ಒಂದು ಬೇಸ್ ಸ್ವರ ಗುಂಯ್ ಅಂತ ಉಳಿದುಕೊಂಡು, ಬೇರೆಯವು ಕೇಳಿಸದೆ ಹೋಗುವುದು ಇದರಿಂದ. ನಮ್ಮಲ್ಲಿ ಸೋಫಾವನ್ನು ಗೋಡೆಗೆ ಒತ್ತರಿಸಿ ಇಡುವುದು ರೂಢಿ. ಗೋಡೆಯ ಹತ್ತಿರ ಬೇಸ್ ಉಬ್ಬುವುದು ಜಾಸ್ತಿ. ಒಂದು ಅಡಿ ಮುಂದೆ ಎಳೆದರೂ ವ್ಯತ್ಯಾಸ ಗೊತ್ತಾಗುತ್ತದೆ.

ಸಬ್‌ವೂಫರ್‌ಗೆ ಜಾಗ ಹುಡುಕುವ ಒಂದು ಹಳೆಯ ಉಪಾಯವಿದೆ. ಅದನ್ನು ತಾತ್ಕಾಲಿಕವಾಗಿ ನೀವು ಕೂರುವ ಜಾಗದಲ್ಲೇ ಇಡಿ. ಬೇಸ್ ಹೆಚ್ಚಿರುವ ಹಾಡು ಹಾಕಿ. ಈಗ ಗೋಡೆಯ ಅಂಚಿನಲ್ಲಿ ಬಗ್ಗಿಕೊಂಡು ಓಡಾಡಿ ಕೇಳಿ. ಎಲ್ಲಿ ಬೇಸ್ ಬಿಡಿಬಿಡಿಯಾಗಿ, ಸಮವಾಗಿ ಕೇಳಿಸುತ್ತದೋ ಸಬ್‌ವೂಫರನ್ನು ಅಲ್ಲಿಗೆ ಒಯ್ಯಿರಿ. ಮೂಲೆಗಿಟ್ಟರೆ ಸದ್ದು ಹೆಚ್ಚು ಬರುತ್ತದೆ ನಿಜ. ಬಹಳ ಸಲ ಅದು ಕಲಸಿದ ಸದ್ದು.

ಫ್ಲ್ಯಾಟ್‌ನಲ್ಲಿರುವವರು ಪಕ್ಕದ, ಕೆಳಗಿನ ಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾತು, ಸಂಗೀತದ ಮೇಲಿನ ಭಾಗ ಗೋಡೆಯಲ್ಲೇ ನಿಲ್ಲುತ್ತದೆ. ಬೇಸ್ ನಿಲ್ಲುವುದಿಲ್ಲ. ಬೇಸ್ ಮಟ್ಟವನ್ನು ಬೇರೆಯಾಗಿ ತಗ್ಗಿಸುವ ಗುಂಡಿ ರಿಮೋಟ್‌ನಲ್ಲೇ ಇದೆಯಾ ನೋಡಿಕೊಳ್ಳಿ. ಆ್ಯಪ್ ತೆರೆದು ಹುಡುಕಬೇಕಾದರೆ ಯಾರೂ ತಗ್ಗಿಸುವುದಿಲ್ಲ.

ವ್ಯಾಟ್ ಬಗ್ಗೆ ಎರಡೇ ಮಾತು. ಶಕ್ತಿ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 600 ಮತ್ತು 900 ವ್ಯಾಟ್‌ಗಳ ನಡುವೆ ಆರಿಸಲು ತಲೆ ಕೆಡಿಸಿಕೊಳ್ಳಬೇಡಿ.

ಕೇಬಲ್, ಟಿವಿ, ಓಟಿಟಿ

ಎಷ್ಟೇ ಒಳ್ಳೆಯ ಬಾರ್ ತಂದರೂ ಅದಕ್ಕೆ ಅಟ್ಮಾಸ್ ತಲುಪದಿದ್ದರೆ ಏನೂ ಮಾಡಲಾಗದು. ಆಪ್ಟಿಕಲ್ ಕೇಬಲ್‌ನಲ್ಲಿ ಅಟ್ಮಾಸ್ ಬರುವುದಿಲ್ಲ, ಹಳೆಯ 5.1ರವರೆಗೆ ಮಾತ್ರ. ಟಿವಿಯ ಎಚ್‌ಡಿಎಂಐ ತೂತುಗಳಲ್ಲಿ ಒಂದರ ಪಕ್ಕ ಎಆರ್‌ಸಿ ಅಂತಲೋ, ಅದರ ಸುಧಾರಿತ ರೂಪವಾದ ಇಎಆರ್‌ಸಿ ಅಂತಲೋ ಬರೆದಿರುತ್ತದೆ. ಟಿವಿಯ ಸದ್ದು ಬಾರ್‌ಗೆ ಹೋಗುವ ಹಾದಿ ಇದು. ಬಾರ್ ಅಲ್ಲೇ ಸೇರಬೇಕು. ಎಆರ್‌ಸಿ 2009ರ ಎಚ್‌ಡಿಎಂಐ 1.4ರ ಜೊತೆ ಬಂದದ್ದು. ಓಟಿಟಿಯ ಅಟ್ಮಾಸ್ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ ಒತ್ತಿ ಚಿಕ್ಕದಾಗಿಸಿ ಬರುವುದರಿಂದ, ಎಷ್ಟೋ ಟಿವಿಗಳಲ್ಲಿ ಎಆರ್‌ಸಿಯಲ್ಲೂ ದಾಟುತ್ತದೆ. ಬ್ಲೂರೇ ಡಿಸ್ಕ್‌ನ ಡಾಲ್ಬಿ ಟ್ರೂಎಚ್‌ಡಿ, ಅಂದರೆ ಏನನ್ನೂ ಕಳೆಯದ ದೊಡ್ಡ ಗಾತ್ರದ ರೂಪ, ಟಿವಿಯ ಮೂಲಕ ಬಾರ್ ತಲುಪಬೇಕಾದರೆ ಇಎಆರ್‌ಸಿ ಬೇಕೇ ಬೇಕು. ಅದು 2017ರಲ್ಲಿ ಎಚ್‌ಡಿಎಂಐ 2.1ರ ಜೊತೆ ಬಂತು. ಹಾಗಾಗಿ ಹಳೆಯ ಟಿವಿ ಇದ್ದರೆ ಬಾರ್‌ನಲ್ಲೇ ಬೇರೆ ಎಚ್‌ಡಿಎಂಐ ಇನ್‌ಪುಟ್ ಇದೆಯಾ ನೋಡಿ. ಫೈರ್ ಸ್ಟಿಕ್, ಪ್ಲೇಸ್ಟೇಷನ್ ಮುಂತಾದವನ್ನು ನೇರ ಬಾರ್‌ಗೇ ಸಿಕ್ಕಿಸಬಹುದು.

ಟಿವಿಯ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಆಡಿಯೋ ಔಟ್‌ಪುಟ್ ಪಿಸಿಎಂ ಅಂತಿದ್ದರೆ ಪಾಸ್‌ಥ್ರೂ ಅಥವಾ ಆಟೋಗೆ ಬದಲಿಸಿ. ನೆಟ್‌ಫ್ಲಿಕ್ಸ್‌ನಲ್ಲಿ ಅಟ್ಮಾಸ್ ಸಿಗುವುದು ಪ್ರೀಮಿಯಂ ಪ್ಲಾನ್‌ನಲ್ಲಿ. ಎಲ್ಲ ಕನ್ನಡ ಸಿನಿಮಾಗಳಿಗೂ ಓಟಿಟಿಯಲ್ಲಿ ಅಟ್ಮಾಸ್ ಇರುವುದಿಲ್ಲ. ಎಷ್ಟೋ 5.1ರಲ್ಲಿ, ಕೆಲವು ಬರೀ ಸ್ಟೀರಿಯೋದಲ್ಲಿ ಸಿಗುತ್ತವೆ. ಒಳ್ಳೆಯ ಬಾರ್ ಅದನ್ನೂ ಹಿಗ್ಗಿಸಿ ನುಡಿಸುತ್ತದೆ. ಆ ಹಿಗ್ಗಿಸುವಿಕೆ ಹೇಗಿದೆ ಅಂತಲೂ ಕೇಳಿ ನೋಡಿ, ಯಾಕೆಂದರೆ ದಿನನಿತ್ಯ ನೋಡುವುದು ಅದನ್ನೇ.

ತುಟಿಗೂ ಮಾತಿಗೂ ತಾಳೆಯಾಗುತ್ತದಾ ಅನ್ನುವುದೂ ಮುಖ್ಯ. ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಾದರೆ, ಅಥವಾ 125 ಮಿಲಿಸೆಕೆಂಡ್ ಹಿಂದಾದರೆ ಜನರಿಗೆ ಗೊತ್ತಾಗಲು ಶುರುವಾಗುತ್ತದೆ. ಸದ್ದು ಮುಂದೋಡುವುದೇ ಬೇಗ ಕಾಣುತ್ತದೆ. ಮಿಂಚಿನ ಮೊದಲೇ ಗುಡುಗು ಬರುವುದನ್ನು ನಾವು ಎಲ್ಲೂ ಕಂಡಿಲ್ಲವಲ್ಲ. ಮುಂದಾದದ್ದನ್ನು ಬಾರ್‌ನ ಸೆಟ್ಟಿಂಗ್‌ನಲ್ಲಿ ತಡಮಾಡಿ ಸರಿಪಡಿಸಬಹುದು. ಹಿಂದೆ ಬಿದ್ದದ್ದನ್ನು ಸರಿಪಡಿಸುವುದು ಕಷ್ಟ.

ಇಂದಿನ ಬಾರ್ ಒಂದು ಕಂಪ್ಯೂಟರ್ ಕೂಡ. 2024ರ ಮೇ ತಿಂಗಳಲ್ಲಿ ಸೋನೋಸ್ ತನ್ನ ಆ್ಯಪ್ ಬದಲಿಸಿದಾಗ ಮೊದಲಿದ್ದ ಕೆಲವು ಸೌಲಭ್ಯಗಳು ಕಾಣೆಯಾದವು. ಜುಲೈನಲ್ಲಿ ಕಂಪನಿಯ ಮುಖ್ಯಸ್ಥರೇ ಗ್ರಾಹಕರ ಕ್ಷಮೆ ಕೇಳಿದರು. ಆ್ಯಪ್ ಇಲ್ಲದೆ, ಬರೀ ರಿಮೋಟ್‌ನಲ್ಲಿ ಎಷ್ಟು ಕೆಲಸ ನಡೆಯುತ್ತದೆ ಅಂತ ಯಾವ ಬಾರ್ ಕೊಳ್ಳುವಾಗಲೂ ಕೇಳಿ. ಮನೆಯಲ್ಲಿ ಅಜ್ಜ ಅಜ್ಜಿ ಟಿವಿ ನೋಡುವವರಿದ್ದರೆ ಇದು ಸಣ್ಣ ವಿಷಯವಲ್ಲ.

ಬಾರ್ ಬೇಕಾ, ಬಿಡಿ ಸ್ಪೀಕರ್ ಬೇಕಾ

ಲಕ್ಷದ ಹತ್ತಿರ ಖರ್ಚು ಮಾಡುವವರಿಗೆ ಎದುರಿರುವ ಇನ್ನೊಂದು ದಾರಿ ಎವಿ ರಿಸೀವರ್ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚಿ ಕೊಡುವ ಯಂತ್ರ) ಮತ್ತು ಬಿಡಿ ಸ್ಪೀಕರ್‌ಗಳು. ಅದೇ ಹಣಕ್ಕೆ ಸದ್ದು ಹೆಚ್ಚು ಒಳ್ಳೆಯದು ಸಿಗುವುದು ಅಲ್ಲೇ. ಇದರಲ್ಲಿ ನನಗೆ ಅನುಮಾನವಿಲ್ಲ. ದೊಡ್ಡ ಪೆಟ್ಟಿಗೆಯ ಸ್ಪೀಕರ್ ಮಾಡುವ ಕೆಲಸವನ್ನು ಸಪೂರ ಪಟ್ಟಿ ಪೂರ್ತಿ ಮಾಡಲಾರದು. ರಿಸೀವರ್ ಕೆಟ್ಟರೆ ರಿಸೀವರ್ ಮಾತ್ರ ಬದಲಿಸಿದರಾಯಿತು, ಸ್ಪೀಕರ್‌ಗಳು ಇಪ್ಪತ್ತು ವರ್ಷ ಬಾಳುತ್ತವೆ. ಬಾರ್‌ನಲ್ಲಿ ಎಲ್ಲವೂ ಒಂದಕ್ಕೊಂದು ಕಟ್ಟಿಹಾಕಿಕೊಂಡಿರುತ್ತವೆ. ಒಂದು ಕಂಪನಿಯ ಬಾರ್‌ಗೆ ಇನ್ನೊಂದರ ಸಬ್‌ವೂಫರ್ ಸಾಮಾನ್ಯವಾಗಿ ಸೇರುವುದಿಲ್ಲ.

ಹಾಗಿದ್ದರೂ ಬಾರ್ ಸರಿಯಾದ ಆಯ್ಕೆ ಆಗುವ ಮನೆಗಳು ಬೇಕಾದಷ್ಟಿವೆ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲ. ಹಾಲ್ ನಡುವೆ ವೈರ್ ಎಳೆದರೆ ಮಕ್ಕಳು, ಹಿರಿಯರು ಎಡವುತ್ತಾರೆ. ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ ಏಳು ಸ್ಪೀಕರ್ ಕಟ್ಟಿಕೊಂಡು ಓಡಾಡುವುದು ಆಗದ ಮಾತು. ಅಂಥವರು ಹಿಂದಿನ ಸ್ಪೀಕರ್ ಜೊತೆಗೇ ಬರುವ, ಬಾರ್‌ನಲ್ಲಿ ಎಚ್‌ಡಿಎಂಐ ಇನ್‌ಪುಟ್ ಇರುವ ಮಾದರಿ ನೋಡಲಿ. ವೈರ್‌ಲೆಸ್ ಅಂದರೂ ಬ್ಯಾಟರಿ ಇಲ್ಲದ ಹಿಂದಿನ ಸ್ಪೀಕರ್‌ಗಳಿಗೆ ಕರೆಂಟ್ ಬೇಕು. ಸೋಫಾದ ಎರಡೂ ಬದಿ ಪ್ಲಗ್ ಪಾಯಿಂಟ್ ಇದೆಯಾ ನೋಡಿಕೊಳ್ಳಿ. ಸೋಫಾ ಗೋಡೆಗೆ ಅಂಟಿದ್ದರೆ ಅವುಗಳನ್ನು ಹಿಂದೆ ಇಡಲಾಗದು, ಎರಡೂ ಪಕ್ಕದಲ್ಲಿ ಕಿವಿಗಿಂತ ತುಸು ಮೇಲೆ ಇಡಿ.

ಸ್ವಂತ ಮನೆ ಕಟ್ಟಿಸುತ್ತಿರುವವರಿಗೆ ನನ್ನ ಸಲಹೆ ಬೇರೆ. ಈಗ ಬಾರ್ ಕೊಳ್ಳಿ ಅಥವಾ ಬಿಡಿ, ಆದರೆ ಗೋಡೆಗೆ ಪ್ಲಾಸ್ಟರ್ ಆಗುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಟಿವಿ ಜಾಗದಿಂದ ಸೋಫಾದ ಹಿಂದಿನ ಗೋಡೆಗೆ ಎರಡು ಖಾಲಿ ಪೈಪ್ ಹಾಕಿಸಿ. ಸೂರಿಗೂ ಬೇಕು ಅಂದರೆ ಮೋಲ್ಡ್ ಹಾಕುವ ಮೊದಲೇ ಹೇಳಬೇಕು. ಕರೆಂಟ್ ವೈರ್ ಹೋಗುವ ಪೈಪ್‌ನಲ್ಲೇ ಸ್ಪೀಕರ್ ವೈರ್ ಎಳೆಸಬೇಡಿ, ಬೇರೆಯದೇ ಪೈಪ್ ಇರಲಿ. ತುದಿಗಳಿಗೆ ಬಾಕ್ಸ್ ಇಟ್ಟು ಮುಚ್ಚಿಸಿ, ಪೈಪ್ ಹೋದ ದಾರಿಯ ಫೋಟೋ ತೆಗೆದಿಟ್ಟುಕೊಳ್ಳಿ.